ಅನಾಹಿತಮ್ಮನ ಒಲೆ, ಅವ್ವನ ಒದ್ದೆ ಬಟ್ಟೆ

ಇವತ್ತು ಬೆಳಿಗ್ಗೆ ಒಣಗಿದ ಲವಾಷ್ ಮೇಲೆ ನೀರು ಚಿಮುಕಿಸಿ ಬಟ್ಟೆ ಮುಚ್ಚಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಸುಟ್ಟ ಗೋಧಿಯ ವಾಸನೆ ಎದ್ದಿತು. ಲವಾಷ್ ಅಂದರೆ ಆರ್ಮೇನಿಯಾದವರ ರೊಟ್ಟಿ. ಟವೆಲಿನಷ್ಟು ಉದ್ದ, ಕಾಗದದಷ್ಟು ತೆಳು. ಆ ವಾಸನೆ ಬಂದರೆ ಸಾಕು, ಮನೆಯಿಂದಲೇ ಯಾವ ಆಫೀಸ್ ಮೀಟಿಂಗಿನಲ್ಲಿ ಕೂತಿದ್ದರೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಕೆಲಸ ಮಾಡುವ ಪರದೇಶದ ಊರು ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂಗೋಡೆಯಾಚೆ ಆರ್ಮೇನಿಯಾದ ಅಜ್ಜಿ ಅನಾಹಿತಮ್ಮನ ಮನೆ. ಹಿತ್ತಲಲ್ಲಿ ಒಂದು ಏಪ್ರಿಕಾಟ್ ಮರ, ಪಕ್ಕದಲ್ಲಿ ಮಗ ಕಟ್ಟಿಸಿಕೊಟ್ಟ ತೋನಿರ್. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಹಾಗೆ ಬಾಯಿ ಮೇಲಿರುವ ಮಣ್ಣಿನ ಒಲೆ ಅದು. ಬಾಗಲಕೋಟೆಯಿಂದ ಬಂದಿದ್ದ ಅವ್ವ ಅದನ್ನು ಕಂಡ ದಿನವೇ ಆ ಮನೆಗೆ ಹೋಗಿ ಕೂತಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಬಾರದು, ಅನಾಹಿತಮ್ಮನ ಇಂಗ್ಲಿಷು ಅಷ್ಟಕ್ಕಷ್ಟೆ. ನಡುವೆ ದುಭಾಷಿ ನಾನು. ತಮ್ಮ ಊರಿನ ತುಂಬ ಗುಡ್ಡ, ಕಲ್ಲು; ಗಡಿಯಾಚೆಯ ಅರಾರತ್ ಬೆಟ್ಟವನ್ನು ದಿನಾ ಕಣ್ತುಂಬ ನೋಡಬಹುದು, ಹೋಗಿ ಮುಟ್ಟಲಾಗದು ಎನ್ನುತ್ತಿದ್ದರು ಅನಾಹಿತಮ್ಮ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಓಣಿಯ ಹೆಂಗಸರೆಲ್ಲ ಸೇರಿ ಚಳಿಗಾಲಕ್ಕಾಗುವಷ್ಟು ಲವಾಷ್ ಸುಟ್ಟು, ಒಣಗಿಸಿ ಪೇರಿಸಿಡುತ್ತಿದ್ದರಂತೆ. ನಾನು ಅನುವಾದ ಮುಗಿಸುವ ಮೊದಲೇ ಅವ್ವ, “ಗೊತ್ತಾತ ಬಿಡ, ನಮ್ಮ ಕಡಕ್ ರೊಟ್ಟಿ,” ಎಂದಳು. ನನ್ನ ದುಭಾಷಿ ಕೆಲಸ ಅರ್ಧ ಹೋದದ್ದು ಅಂದೇ.

ಮೊಮ್ಮಗನ ಮದುವೆ ಇನ್ನೇನು ಬಂತು ಎನ್ನುವಾಗ ಅನಾಹಿತಮ್ಮ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಅವರಲ್ಲಿ ವಧೂವರರು ಹೊಸ್ತಿಲಿಗೆ ಬಂದಾಗ ಹೆಗಲಿಗೆ ಲವಾಷ್ ಹೊದಿಸಿಯೇ ಒಳಗೆ ಕರೆಯುವುದು. ಅಂಗಡಿಯದು ತರುತ್ತೇನೆ ಎಂದ ಮಗನ ಮೇಲೆ ಅವರು ಹರಿಹಾಯ್ದರು: “ಪ್ಲಾಸ್ಟಿಕ್ ಚೀಲದಿಂದ ತೆಗೆದದ್ದನ್ನ ನನ್ನ ಮೊಮ್ಮಗನಿಗೆ ಹೊದಿಸಲಾ?” ಆಮೇಲೆ ಅತ್ತೇಬಿಟ್ಟರು.

ಸುದ್ದಿ ಹೇಳಿದ್ದೇ ತಡ, ಅವ್ವ ಸೆರಗು ಸಿಕ್ಕಿಸಿದಳು. “ರೊಟ್ಟಿ ಬಡಿಯಾಕ ನಾ ಇಲ್ಲೇನು?”

ನಾನು ಲಟ್ಟಿಸುವುದು, ಅವ್ವ ಅದನ್ನು ಹಿಗ್ಗಿಸಿ ಒಂದು ಉದ್ದನೆಯ ದಿಂಬಿನ ಮೇಲೆ ಹಾಸಿ, ಆ ದಿಂಬನ್ನೇ ಒಲೆಯ ಒಳಗೋಡೆಗೆ ಬಡಿಯುವುದು. ಅನಾಹಿತಮ್ಮ ಕುರ್ಚಿಯಲ್ಲಿ ಕೂತು ಎಡಗೈಯಿಂದ ಅಪ್ಪಣೆ ಕೊಡುತ್ತಿದ್ದರು. ಮೊದಲನೆಯದು ಗೋಡೆಗೆ ತಾಗಿ, ಅರೆಗಳಿಗೆ ನಿಂತು, ಕೆಂಡಕ್ಕೆ ಬಿತ್ತು. ಆಮೇಲಿನವೂ ಒಂದರ ಹಿಂದೊಂದು ಹಾಗೇ ಬಿದ್ದವು.

“ಸಾಕು, ಶಾಂತವ್ವ ಜಾನ್, ಅಂಗಡಿಯದೇ ಬರಲಿ,” ಎಂದರು ಅನಾಹಿತಮ್ಮ. ಪ್ರೀತಿಯವರ ಹೆಸರಿಗೆ ಅವರು ಜಾನ್ ಸೇರಿಸುತ್ತಾರೆ. ಅಂಗಡಿಯ ಮಾತನ್ನು ನಾನು ಅನುವಾದ ಮಾಡಲಿಲ್ಲ.

ಅವ್ವ ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೂ ಹಿಟ್ಟು. ಜೋಳದ ರೊಟ್ಟಿಗೆ ಉದುರಿಸುವ ರೂಢಿಯಲ್ಲಿ ಗೋಧಿ ಹಾಳೆಗೂ ಒಣಹಿಟ್ಟು ಸುರಿದಿದ್ದಳು, ಅಂಟುವುದಾದರೂ ಹೇಗೆ? “ಅಯ್ಯ, ಹಿಟ್ಟ ಹಚ್ಚಿ ನೀರ ಹಚ್ಚೂದು ಮರತ್ನೆಲ್ಲ! ಒದ್ದಿ ಅರಬಿ ತಾರವ್ವ!”

ನಮ್ಮಲ್ಲಿ ಹಂಚಿಗೆ ಹಾಕಿದ ರೊಟ್ಟಿಯ ಹಿಟ್ಟಿನ ಮೈಗೆ ಒದ್ದೆ ಬಟ್ಟೆ ಸವರುತ್ತಾರಲ್ಲ, ಹಾಗೇ ದಿಂಬಿನ ಮೇಲಿನ ಹಾಳೆಗೆ ಸವರಿ ಬಡಿದಳು. ಅಂಟಿತು! ಮೈಯೆಲ್ಲ ಗುಳ್ಳೆ ಎದ್ದು ಕಂದುಬಣ್ಣಕ್ಕೆ ತಿರುಗಿತು. ಕೊಕ್ಕೆಯಲ್ಲಿ ಎಳೆದಾಗ ಒಂದು ತೂತೂ ಇರಲಿಲ್ಲ. ಅನಾಹಿತಮ್ಮ ಪ್ಲಾಸ್ಟರಿನ ಕೈಯನ್ನೇ ಎತ್ತಿ ಕೇಕೆ ಹಾಕಿದರು. ನಾನು, ನಲವತ್ತು ದಾಟಿದ ಹೆಂಗಸು, ಲಟ್ಟಣಿಗೆ ಹಿಡಿದು ಕುಣಿದೆ.

ಮದುವೆಯ ದಿನ ಅವ್ವ ಹಿಂದಿನ ಸಾಲಿಗೆ ಹೋಗಿ ನಿಂತಳು. ಅಪ್ಪ ಹೋದ ಮೇಲೆ ಊರಿನ ಮದುವೆಗಳಲ್ಲಿ ಅವಳ ಜಾಗ ಅದೇ. ಅನಾಹಿತಮ್ಮ ಮೊಮ್ಮಗನ ಹೆಗಲಿಗೆ ಎಡಗೈಯಿಂದ ಲವಾಷ್ ಹೊದಿಸಿ, ಮದುಮಗಳಿಗೆ ಹೊದಿಸುವುದನ್ನು ಅವ್ವನತ್ತ ಚಾಚಿದರು.

“ಗಂಡಿಲ್ಲದಾಕಿ ಮುಂದ ಬರಬಾರ್ದು ಅಂತ ಹೇಳವ್ವ ಆಕೀಗೆ,” ಎಂದಳು ಅವ್ವ. ಹೇಳಿದೆ.

“ನನಗೆಲ್ಲಿದ್ದಾನೆ ಗಂಡ?” ಎಂದರು ಅನಾಹಿತಮ್ಮ. “ರೊಟ್ಟಿ ಸುಟ್ಟ ಕೈಯೇ ಹೊದಿಸಬೇಕು.” ಅಷ್ಟು ಜನರ ನಡುವೆ ಅವ್ವನ ರಟ್ಟೆ ಹಿಡಿದು ಎಳೆದೇ ತಂದರು. ಅವ್ವ ಹೊದಿಸಿದಳು. ಹುಡುಗಿ ಬಗ್ಗಿ, ಲವಾಷಿನ ಹಿಟ್ಟು ಹತ್ತಿದ ಅವಳ ಕೈಗೆ ಮುತ್ತಿಟ್ಟಳು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಅವ್ವ ಈಗ ಊರಿಗೆ ಮರಳಿದ್ದಾಳೆ. ಬರುವ ವಾರ ಬಾಗಲಕೋಟೆಯಲ್ಲಿ ಅಣ್ಣನ ಮಗನ ಮದುವೆ. ಇವತ್ತು ನೀರು ಕುಡಿದು ಮೃದುವಾದ ಲವಾಷ್ ಹರಿದು ತಿನ್ನುತ್ತಿರುವಾಗಲೇ ಅವ್ವನ ಫೋನು ಬಂತು. ಮದುಮಕ್ಕಳಿಗೆ ಆರತಿ ಯಾರು ಎತ್ತಬೇಕೆಂದು ಮನೆಯಲ್ಲಿ ಚರ್ಚೆಯಂತೆ.

“ಹೊಸ್ತಿಲದಾಗ ನಾನ ನಿಂದ್ರಾಕಿ ಅಂತ ಹೇಳಿಬಿಟ್ಟೇನಿ,” ಎಂದಳು. “ಎಲ್ಲಾರೂ ಬಾಯಿ ಮುಚ್ಚ್ಯಾರ. ನೀ ಬರೂವಾಗ ಆಕಿ ಕಡಿಂದ ಎರಡು ಲವಾಷ್ ತಗೊಂಡ ಬಾ. ನೀರು ನಾ ಹೊಡಕೋತೇನಿ.”