ಹೋಲ್ಡಾನ್ ಹುಚ್ಚೀರಪ್ಪನ ರೈಲು

ಅಂತೂರಿನ ಹುಚ್ಚೀರಪ್ಪನಿಗೆ ಹೊಲವಿದೆ, ಎತ್ತುಗಳಿವೆ, ಉಳ್ಳಾಗಡ್ಡಿ ಬೆಳೆಯುವ ಹದವೂ ಗೊತ್ತಿದೆ. ಆದರೆ ಊರು ಅವನನ್ನು ಗುರುತಿಸುವುದು ರೈಲಿನಿಂದ. ಆ ರೈಲು ಓಡುವುದು ಹಳಿಯ ಮೇಲಲ್ಲ, ಅವನ ನಾಲಿಗೆಯ ಮೇಲೆ.

ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಗದಗಿನ ಟಾಕೀಸಿನಲ್ಲಿ ಒಂದು ಇಂಗ್ಲಿಷ್ ಯುದ್ಧದ ಸಿನೆಮಾ ನೋಡಿದ್ದ. ಸೆರೆ ಸಿಕ್ಕ ಸಿಪಾಯಿಗಳು ತಮ್ಮನ್ನು ಸಾಗಿಸುತ್ತಿದ್ದ ರೈಲನ್ನೇ ಕಸಿದುಕೊಂಡು ಗಡಿಯತ್ತ ಓಡಿಸುವ ಕಥೆ. ಭಾಷೆ ಒಂದಕ್ಷರ ತಿಳಿಯಲಿಲ್ಲ. ಹಾಗಾಗಿ ಕಥೆ ಪೂರ್ತಿ ತಿಳಿಯಿತು. ಕೊನೆಗೆ ಎಲ್ಲರನ್ನೂ ಹತ್ತಿಸಿ ತಾನೇ ಹಿಂದುಳಿದ ಕ್ಯಾಪ್ಟನ್ ರೈಲಿನ ಬೆನ್ನು ಹತ್ತಿ ಓಡತೊಡಗಿದ. ಅವನ ಬೆನ್ನಿಗೆ ಗುಂಡುಗಳು. ಸರಿಯಾಗಿ ಅದೇ ಹೊತ್ತಿಗೆ ಹುಚ್ಚೀರಪ್ಪನಿಗೆ ವಸ್ತಿ ಬಸ್ಸು ನೆನಪಾಯಿತು. ಊರಿನ ಮೇಲೆ ಹಾದು ಪಕ್ಕದ ಬೆಂತೂರಿಗೆ ಹೋಗಿ ರಾತ್ರಿ ಅಲ್ಲೇ ತಂಗುವ ಆ ಬಸ್ಸು ತಪ್ಪಿದರೆ ಬೆಳತನಕ ಬಸ್ ಸ್ಟ್ಯಾಂಡಿನ ತಿಗಣೆಗಳೇ ನೆಂಟರು. ಕ್ಯಾಪ್ಟನ್ನನ್ನು ಅವನ ಹಣೆಬರಹಕ್ಕೆ ಬಿಟ್ಟು ಇವನೂ ಓಡಿದ. ಬಸ್ಸು ಹೊರಟೇಬಿಟ್ಟಿತ್ತು. "ಹೋಲ್ಡಾನ್! ಹೋಲ್ಡಾನ್!" ಎಂದು ಬಸ್ಸು ನಿಲ್ಲಿಸುವ ಕಂಡಕ್ಟರನ ಮಾತನ್ನೇ ಕೂಗುತ್ತ ಬಂದವನನ್ನು, ಬಾಗಿಲಲ್ಲಿ ಜೋತುಬಿದ್ದಿದ್ದ ಗೆಳೆಯ ಮಹಬೂಬಸಾಬ ರಟ್ಟೆ ಹಿಡಿದು ಒಳಗೆಳೆದುಕೊಂಡ.

ತನಗೇ ಬಸ್ಸು ಸಿಕ್ಕ ಮೇಲೆ ಅಷ್ಟು ದೊಡ್ಡ ಕ್ಯಾಪ್ಟನ್ನಿಗೆ ರೈಲು ಸಿಗದೇ ಇರುತ್ತದೆಯೇ? ಅಂದಿನಿಂದ ಅಂತೂರಿನ ಕಟ್ಟೆಯ ಮೇಲೆ ಕ್ಯಾಪ್ಟನ್ "ಹೋಲ್ಡಾನ್!" ಎನ್ನುತ್ತಾನೆ, ರೈಲಿನಿಂದ ಒಂದು ಕೈ ಚಾಚುತ್ತದೆ, ರೈಲು ಗಡಿ ದಾಟುತ್ತದೆ. ಸತ್ತವರ ಮನೆಯಲ್ಲಿ ಕೂಡ ಈ ಕಥೆ ಕೇಳುತ್ತ ಅಳುವವರು ಅಳು ಮರೆತದ್ದುಂಟು.

ಹೀಗಿರುವಾಗ ಮೊಮ್ಮಗಳು ಸ್ನೇಹಾ ಆ ಸಿನೆಮಾವನ್ನು ಮೊಬೈಲಿನಲ್ಲಿ ಹುಡುಕಿಬಿಟ್ಟಳು.

"ಅಜ್ಜಾ, ನಿನ್ನ ರೈಲು ಸಿಕ್ತು! ಸಂಜಿಗೆ ಕಟ್ಟಿ ಮ್ಯಾಲೆ ಟಿ.ವಿ. ಇಟ್ಟು ಊರಿಗೆಲ್ಲಾ ತೋರಸ್ತೀನಿ."

ಆ ಸಿನೆಮಾದ ಕೊನೆಯನ್ನು ಹುಚ್ಚೀರಪ್ಪ ತಾನೂ ಕಂಡಿರಲಿಲ್ಲ. "ಬ್ಯಾಡವಾ, ಕರೆಂಟ್ ಹೊಕ್ಕೈತಿ" ಎಂದ. ದಿನಾ ಹೋಗುವ ಕರೆಂಟು ಅಂದು ಮಾತ್ರ ಮನೆಯ ಸೊಸೆಯಂತೆ ಉಳಿಯಿತು.

"ಕ್ಯಾಪ್ಟನ್ ಅಲ್ಲೇ ಸತ್ತಿದ್ದಾಂದ್ರ ನಾಳಿಯಿಂದ ನನ್ನ ಮಾತು ಯಾರು ಕೇಳ್ತಾರಲೇ?" ಎಂದು ಮಹಬೂಬಸಾಬನ ಕಿವಿ ಕಚ್ಚಿದ.

"ನಿನ್ನ ಮಾತು ನಿಮ್ಮ ಮನ್ಯಾಗs ಯಾರೂ ಕೇಳಂಗಿಲ್ಲ. ಕುಂಡ್ರಲೇ ಸುಮ್ನ."

ಸಿನೆಮಾ ಕೊನೆಗೆ ಬಂತು. ಕ್ಯಾಪ್ಟನ್ ಓಡಿದ. ಕಟ್ಟೆಯೆಲ್ಲ ರೂಢಿಯಂತೆ "ಹೋಲ್ಡಾನ್!" ಎಂದು ಕೂಗಿತು. ಕ್ಯಾಪ್ಟನ್ ಮಾತ್ರ ತುಟಿ ಬಿಚ್ಚಲಿಲ್ಲ. ಗುಂಡು ತಾಗಿತು, ಬಿದ್ದ. ರೈಲು ಹೋಗಿಯೇಬಿಟ್ಟಿತು.

ಎಲ್ಲ ಮುಖಗಳೂ ಟಿ.ವಿ. ಬಿಟ್ಟು ಹುಚ್ಚೀರಪ್ಪನ ಕಡೆ ತಿರುಗಿದವು.

"ಇದೇನ್ರಿ ಹುಚ್ಚೀರಪ್ಪಣ್ಣಾ," ಮಹಬೂಬಸಾಬನ ಹೆಂಡತಿ ಅಮೀನಬಿ ಕೇಳಿದಳು, "ಸತ್ತsಬಿಟ್ನಲ್ರಿ ನಿಮ್ಮಾಂವ?"

ಹುಚ್ಚೀರಪ್ಪ ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅಂವಾ ಹೋಲ್ಡಾನ್ ಅಂದನೇನು?"

"ಇಲ್ರಿ."

"ಮತ್ತ? ಬಾಯಿ ಬಿಡಲಾರದಾಂವಗ ಯಾ ಗಾಡಿ ನಿಂದರತೈತಿ?"

"ಖರೆ ಐತಿ!" ಮಹಬೂಬಸಾಬ ತೊಡೆ ತಟ್ಟಿದ. "ಸಿನೆಮಾದವ್ರದs ತಪ್ಪು!"

"ಆ ಟಿ.ವಿ. ಬಂದ್ ಮಾಡವಾ ಸ್ನೇಹಾ," ಎಂದಳು ಅಮೀನಬಿ. "ಅಣ್ಣಾ, ನೀವು ಓಡಿಸ್ರಿ ರೈಲು!"

ಹುಚ್ಚೀರಪ್ಪ ಧೋತರ ಎತ್ತಿ ಕಟ್ಟಿ ರಸ್ತೆಗೆ ಹಾರಿದ. ಮೊಣಕಾಲಿನ ನೋವನ್ನು ಕಟ್ಟೆಯ ಮೇಲೇ ಬಿಟ್ಟು ಓಡಿದ. "ಹೋಲ್ಡಾನ್!" ಎಂದು ಅವನು ಕೂಗಿದ್ದೇ ತಡ, ಅವನ ಹಿಂದೆ ಇಡೀ ಕಟ್ಟೆ "ಹೋಲ್ಡಾನ್!" ಎಂದು ಗರ್ಜಿಸಿತು. ಆಗಷ್ಟೇ ಅಂತೂರಿನ ಜನರನ್ನು ಇಳಿಸಿ ಬೆಂತೂರಿಗೆ ಹೊರಟಿದ್ದ ವಸ್ತಿ ಬಸ್ಸು ಗಕ್ಕನೆ ಬ್ರೇಕು ಹಾಕಿತು.

"ಯಾರ್ರಿ ಹತ್ತವ್ರು? ಜಲ್ದಿ ಬರ್ರಿ!" ಕಂಡಕ್ಟರ್ ಬಾಗಿಲಿನಿಂದ ಕೈ ಚಾಚಿದ.

"ಹತ್ತಲೇ ಕ್ಯಾಪ್ಟನ್ನಾ!" ಏದುಸಿರು ಬಿಡುತ್ತ ಬಂದ ಮಹಬೂಬಸಾಬ ಹಿಂದಿನಿಂದ ನೂಕಿದ.

ಹುಚ್ಚೀರಪ್ಪ ಹತ್ತಿದ. ಬಾಗಿಲಲ್ಲಿ ನಿಂತು ಟಾವೆಲ್ ಬೀಸಿ, ಕಂಡಕ್ಟರನ ಬಾಯಿಂದ ಕಸಿದುಕೊಂಡವನಂತೆ, "ರೈಟ್!" ಎಂದ. ಕಟ್ಟೆಯ ಮೇಲೆ ಸೀಟಿಯೋ ಸೀಟಿ. ಬಸ್ಸು ಧೂಳೆಬ್ಬಿಸುತ್ತ ಅಂತೂರಿನ ಗಡಿ ದಾಟಿ ಬೆಂತೂರು ಸೇರಿತು.