ಹೆಮ್ಮಾಡಿಯಲ್ಲಿ ಹರಿಯದೆ ಉಳಿದ ಹಾಳೆ

ಬೈಂದೂರಿಗೆ ಹೊರಟವನು ಬಂಗುಡೆ ಕೊಳ್ಳಲೆಂದು ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಇಳಿದೆ. ಮೀನು ಮಾರುವ ಹೆಂಗಸರ ಸಾಲಿನಲ್ಲಿ ಗದ್ದಲವೋ ಗದ್ದಲ. ಹುಡುಗಿಯರನ್ನು ನಂಬಿಸಿ ದೊಡ್ಡ ಮನುಷ್ಯರಿಗೆ ಒಪ್ಪಿಸುತ್ತಿದ್ದ ಮುಂಬಯಿಯ ಶ್ರೀಮಂತ ಹೆಂಗಸೊಬ್ಬಳು ಅಪರಾಧಿಯೆಂದು ತೀರ್ಪು ಬಂದಿದೆ. ಮೀನು ಕಟ್ಟಲೆಂದು ಇಟ್ಟಿದ್ದ ಆ ದಿನದ ಪತ್ರಿಕೆಯ ಮುಖಪುಟದಲ್ಲಿ ಪಾರ್ಟಿಯೊಂದರಲ್ಲಿ ನಗುತ್ತಿರುವ ಅವಳ ಫೋಟೋ.

“ಹ್ವಾಯ್, ಕಂಡ್ರ್ಯಾ? ಅಷ್ಟ್ ದುಡ್ಡಿದ್ರೂ ಬಿಡ್ಲಿಲ್ಲ ಕಾಣಿ!” ಮೀನು ಕೊಯ್ಯುತ್ತಿದ್ದ ಗಿರಿಜಕ್ಕ ಕತ್ತಿ ಎತ್ತಿಕೊಂಡೇ ನನಗೆ ಕೂಗಿ ಹೇಳಿದರು. ಪಕ್ಕದವರು ಚಪ್ಪಾಳೆ ತಟ್ಟಿದರು. ಗಿರಾಕಿಗಳು ಚೌಕಾಸಿಯನ್ನೇ ಮರೆತರು. ನನಗೂ ಮೈ ಜುಮ್ಮೆಂದಿತು.

ಇಲ್ಲಿ ಎಂಥ ಸುದ್ದಿಯಾದರೂ ಕೊನೆಗೆ ಮೀನು ಕಟ್ಟುವುದಕ್ಕೇ. “ನನ್ನ ಬಂಗುಡೆಯನ್ನು ಆ ಮುಖದಲ್ಲೇ ಸುತ್ತಿಕೊಡಿ” ಎಂದೆ, ಹುರುಪಿನಲ್ಲಿ.

ಗಿರಿಜಕ್ಕ ಪತ್ರಿಕೆಯನ್ನು ಥಟ್ಟನೆ ಆಚೆ ಎಳೆದುಕೊಂಡು ಸಾಗುವಾನಿ ಎಲೆ ತೆಗೆದರು.

“ಇದ್ ಕೊಡುದಿಲ್ಲ. ನಮ್ಮಕ್ಕನ ಮಗ್ಳ್ ನಾಳೆ ಕುಂದಾಪ್ರ ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕ್. ದೊಡ್ಡೋರ್ ಮೇಲೆ ಹೇಳಿ ಎಂತ ಆತ್ತ್ ಅಂದೇಳಿ ಹೆದ್ರಿ ಕೂಕಂಡಿತ್.”

ಆಮೇಲೆ ಎರಡೂ ಕೈ ತೊಳೆದು, ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಹಾಳೆಗೆ ಒಂದು ಹನಿ ನೀರೂ ತಾಗದಂತೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡರು.