ಕೊನೆ ಹೇಳಬೇಡಿ

ಟೈಲರ್ ತಾತನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುತ್ತಿದ್ದ ಲೈಬ್ರರಿ ಅಕ್ಕ ಫಕ್ಕನೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. ಗ್ರಂಥಾಲಯದ ಬಾಗಿಲು ಆಗಷ್ಟೇ ತೆರೆದಿದೆ. ಮೇಜುಗಳ ಧೂಳನ್ನೂ ಪೂರ್ತಿ ಒರೆಸಿಲ್ಲ.

"ತಾತ, ನಿಮ್ಮ ದಮ್ಮಯ್ಯ, ಕೊನೆ ಹೇಳ್ಬೇಡಿ. ನಂದಿನ್ನೂ ಒಂದು ಅಧ್ಯಾಯ ಇದೆ."

"ಒಂದೇ ಮಾತು ಕಣಮ್ಮಾ! ಅವಳು ದೋಣಿ ಹತ್ರ ಬಂದ್ಮೇಲೆ..."

"ಹೇಳಿದ್ರೆ ಅಕ್ಷರಾನ ಇರುವೆ ಗಾತ್ರಕ್ಕೆ ಇಳಿಸಿಬಿಡ್ತೀನಿ ನೋಡಿ!"

ತಾತ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಮಾತು ನಿಲ್ಲದವರಿಗೆ ಅದು ಸಣ್ಣ ಶಿಕ್ಷೆಯಲ್ಲ.

ಎಲ್ಲರೂ 'ಲೈಬ್ರರಿ ಅಕ್ಕ' ಎನ್ನುವ ಇವರು ಇಲ್ಲಿನ ಕೌಂಟರ್ ಸಹಾಯಕಿ. ಮದುವೆಯಾದ ವರ್ಷವೇ ಓದು ನಿಂತಿತು. ಆಮೇಲೆ ಸಿಕ್ಕಿದ್ದು ಪುಸ್ತಕ ಜೋಡಿಸುವ ಕೆಲಸ. ಈಗ ಊರಿನ ಗ್ರಂಥಾಲಯಗಳೆಲ್ಲ ಸೇರಿ ಓದುಗರ ಕೂಟ ನಡೆಸುತ್ತವೆ. ಎರಡು ವಾರ ಇಡೀ ಊರು ಒಂದೇ ಪುಸ್ತಕ ಓದುತ್ತದೆ. ಪುಸ್ತಕ ಫೋನಿಗೇ ಬರುತ್ತದೆ, ಸರದಿ ಕಾಯಬೇಕಿಲ್ಲ. ಗಡುವು ಮುಗಿದ ರಾತ್ರಿ ಎಲ್ಲರ ಫೋನಿನಿಂದಲೂ ತಾನಾಗಿ ಹೋಗಿಬಿಡುತ್ತದೆ. ಈ ಸಲದ ಗಡುವು ಇವತ್ತು.

ದಿನಕ್ಕೆ ಮೂವತ್ತು ನಲವತ್ತು ಫೋನು ಅಕ್ಕನ ಕೈ ಹಾಯುತ್ತವೆ. ಮರೆತ ಪಾಸ್‌ವರ್ಡ್, ತುಂಬಿಹೋದ ಮೆಮೊರಿ, ಜೊತೆಗೆ ಪುಟದ ಜಗಳ. ಅದನ್ನು ಅಕ್ಕನೇ ವಿವರಿಸುತ್ತಾರೆ: "ಅಕ್ಷರ ದೊಡ್ಡದಾದಷ್ಟೂ ಪುಟ ಜಾಸ್ತಿ ಆಗ್ತವೆ. ಸಣ್ಣಕ್ಷರದಲ್ಲಿ ಓದೋ ಬೇಕರಿಯವರಿಗೆ ಇನ್ನೂರು ಪುಟ ಆದ್ರೆ ತಾತಂಗೆ ಸಾವಿರ! ಎಲ್ಲರಿಗಿಂತ ನಾನೇ ಜಾಸ್ತಿ ಓದಿದ್ದು ಅಂತ ಬೀಗ್ತಾರೆ. ಅದಕ್ಕೇ ಚರ್ಚೆಯಲ್ಲಿ ಪುಟ ಹೇಳೋ ಹಾಗಿಲ್ಲ. 'ನಾದಿನಿಗೆ ಬೀಗದ ಕೈ ಕೊಟ್ಟ ಜಾಗ' ಅಂತ ಹೇಳ್ಬೇಕು."

ಕಾದಂಬರಿಯ ನಾಯಕಿ ಹಾಗೆ ಬೀಗದ ಕೈ ಕೊಟ್ಟು ನದಿ ದಂಡೆಗೆ ಬಂದು ನಿಂತಿದ್ದಾಳೆ. ದಾಟುತ್ತಾಳೋ, ಹಿಂದಿರುಗುತ್ತಾಳೋ? ಅಕ್ಕನ ಓದು ಅಲ್ಲಿಗೆ ನಿಂತಿದೆ. ಕೂಟ ಶುರುವಾಗಿ ವರ್ಷವಾದರೂ ಒಂದು ಪುಸ್ತಕದ ಕೊನೆಯನ್ನೂ ಅವರು ತಾವಾಗಿ ತಲುಪಿಲ್ಲ. ಅಷ್ಟರಲ್ಲಿ ಕೌಂಟರಿಗೆ ಬಂದ ಯಾರಾದರೂ ಹೇಳಿಬಿಟ್ಟಿರುತ್ತಾರೆ.

ಮನೆಯಲ್ಲಿ ಅವರದೊಂದೇ ಫೋನು. ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಪಾಠಕ್ಕೆಂದು ಕಸಿದುಕೊಳ್ಳುತ್ತಾಳೆ. ಆಮೇಲೆ ಕಣ್ಣು ಮಂಜಾದ ಅತ್ತೆ ಇಯರ್‌ಫೋನ್ ಹಾಕಿಕೊಂಡು, ಫೋನೇ ಓದಿ ಹೇಳುವ ಇದೇ ಕಾದಂಬರಿ ಕೇಳುತ್ತಾರೆ.

"ಅತ್ತೆ ನಗೋದು ಕೇಳಿಸುತ್ತೆ, ಯಾಕೆ ಅಂತ ಗೊತ್ತಾಗಲ್ಲ. ನಿನ್ನೆ ಮುಗಿಸಿಬಿಟ್ರು. 'ಹೇಳ್ಲೇನೇ?' ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಛೇಡಿಸ್ತಿದ್ರು. ಕುಕ್ಕರ್ ಕೂಗಿ ನನ್ನ ಕಾಪಾಡ್ತು. ಕಥೆ ಗೊತ್ತಾದ್ರೆ ಸಾಕಲ್ಲ, ಯಾರು ಹೇಳಿದ್ರೇನು ಅಂತಾರೆ ನಮ್ಮನೆಯವರು. ಬೇರೆಯವರು ಉಂಡು ಬಂದು ರುಚಿ ಹೇಳಿದ್ರೆ ನನ್ನ ಹೊಟ್ಟೆ ತುಂಬುತ್ತಾ? ಈ ಸಲ ಕೊನೆ ಪುಟ ನಾನೇ ಓದ್ಬೇಕು."

ಊಟದ ಹೊತ್ತು. ಡಬ್ಬಿಯ ಮುಚ್ಚಳ ತೆಗೆದಿಲ್ಲ. ಅಕ್ಕ ಫೋನಿನ ಸದ್ದು ನಿಲ್ಲಿಸಿ, ಹಳೆಯ ಪತ್ರಿಕೆಗಳ ಕಪಾಟಿನ ಹಿಂದೆ ಸ್ಟೂಲ್ ಎಳೆದುಕೊಳ್ಳುತ್ತಾರೆ. ಬೆರಳು ಪರದೆಯ ಮೇಲೆ ಮೆಲ್ಲಗೆ ಜಾರುತ್ತದೆ, ಒಂದೆಡೆ ತಡೆಯುತ್ತದೆ, ಹಿಂದಕ್ಕೆ ಹೋಗುತ್ತದೆ. ಕೊನೆಯ ಪುಟವೂ ಮುಗಿಯುತ್ತದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೊರಬರುತ್ತಾರೆ.

ಕೌಂಟರಿನ ಮುಂದೆ ತಾತ ಕಾಯುತ್ತಿದ್ದಾರೆ. ಬೆಳಗಿನಿಂದ ತಡೆದಿಟ್ಟ ಮಾತು ಮುಖದಲ್ಲೇ ಕುಣಿಯುತ್ತಿದೆ.

"ಮುಗೀತೇನಮ್ಮಾ?"

ಅಕ್ಕ ಫೋನನ್ನು ಮೆಲ್ಲಗೆ ಮೇಜಿನ ಖಾನೆಗೆ ಸರಿಸುತ್ತಾರೆ.

"ಎಲ್ಲಿ ತಾತ, ಪುರುಸೊತ್ತೇ ಆಗ್ಲಿಲ್ಲ. ಹೋಗ್ಲಿ, ನೀವೇ ಹೇಳಿ."

ತಾತ ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತಾರೆ. "ಹಾಗಾದ್ರೆ ಕೇಳು. ದೋಣಿಯವನು ಕೈ ಮಾಡಿ ಕರೀತಾನಾ..."

"ಹೌದಾ!" ಎನ್ನುತ್ತಾರೆ ಅಕ್ಕ, ಕಣ್ಣರಳಿಸಿ.